ಟಿನ್ ಫ್ಯಾಕ್ಟರಿಯಲ್ಲೊಂದು ಹಕ್ಕಿಯ ಲೆಕ್ಕ

ಬೆಂಗಳೂರಿನ ಮೂಡಣ ದಿಕ್ಕಿನಲ್ಲಿ, ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಒಂದನ್ನೊಂದು ಸಂಧಿಸುವ ಎಡೆಗೆ ಟಿನ್ ಫ್ಯಾಕ್ಟರಿ ಎಂದು ಹೆಸರು. ಹೆಸರನ್ನು ಮಾತ್ರ ಕೇಳಿ ಬಂದವರು ತಗಡು ಬಡಿಯುವ ಸದ್ದನ್ನು ನಿರೀಕ್ಷಿಸಬಹುದು. ಇಲ್ಲಿ ಕಿವಿಗೆ ಬೀಳುವುದಾದರೋ ಬಸ್ಸು ಲಾರಿಗಳ ಕೂಗು. ಹೊಸಕೋಟೆ ಕೋಲಾರಗಳ ಕಡೆಗೆ ಹೋಗುವವರೂ, ಮಾರತ್ತಹಳ್ಳಿಗೆ ತಿರುಗುವವರೂ, ಹೆಬ್ಬಾಳಕ್ಕೆ ಹೊರಟವರೂ ಇಲ್ಲಿ ಕಾಲೂರಿ ನಿಂತು ತಮ್ಮ ತಮ್ಮ ಬಸ್ಸಿನ ದಾರಿ ಕಾಯುತ್ತಾರೆ. ಸಮೀಪದಲ್ಲಿಯೇ ರೈಲುಹಳಿಗಳ ಮೇಲೆ 2003ರಲ್ಲಿ ತೆರೆದ ಕೃಷ್ಣರಾಜಪುರದ ತೂಗುಸೇತುವೆ. ತಲೆಯ ಮೇಲೆ 2023ರ ಅಕ್ಟೋಬರ್ 9ರಿಂದ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಓಡಾಡುತ್ತಿರುವ ಮೆಟ್ರೋ ರೈಲು. ಒಂದು ಗಳಿಗೆ ಇಲ್ಲಿ ನಿಂತವರ ಕಿವಿಗೆ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿಗಳೆಲ್ಲವೂ ಬೀಳುವುವು. ಇಂತಹ ಸ್ಥಳದಲ್ಲಿ ಹಕ್ಕಿಗಳನ್ನು ನೋಡುವುದಕ್ಕೆ ಹೊರಟೆವೆಂದರೆ ವಾಚಕರು ನಗಬಹುದು. ನಮ್ಮ ನೆರೆಹೊರೆಯವರೂ ನಕ್ಕರು. ನಗುವವರು ನಗಲಿ, ನಾವು ಹೊರಟುದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲು ಹೇಳಿಬಿಡುವುದು ಮೇಲು.

ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಉದ್ಯಾನವಿದೆ. ಅದರ ಮೂಲೆಯಲ್ಲಿ ಒಂದು ಹಳೆಯ ಅತ್ತಿಯ ಮರವಿದ್ದಿತು. ಅರ್ಧ ಮರ ಹಸುರು, ಅರ್ಧ ಒಣಗಿದ ಕೊಂಬೆ. ಆ ಒಣಕೊಂಬೆಯಲ್ಲಿ ಕಂಚುಕುಟಿಗವೆಂಬ ಪುಟ್ಟ ಹಕ್ಕಿ ಗೂಡು ಕೊರೆದುಕೊಂಡಿದ್ದಿತು. ಗುಬ್ಬಿಗಿಂತ ಸ್ವಲ್ಪ ದಪ್ಪ, ಹಸುರು ಮೈ, ಹಣೆಯಲ್ಲಿ ಕುಂಕುಮದ ಬೊಟ್ಟಿನಂತೆ ಕೆಂಪು. ಬೇಸಗೆ ಬಂದಿತೆಂದರೆ ಬೆಳಗಿನಿಂದ ಸಂಜೆಯವರೆಗೂ ‘ಟಂಕ್ ಟಂಕ್ ಟಂಕ್’ ಎಂದು ಒಂದೇ ಸಮನೆ ಕಂಚು ಬಡಿದಂತೆ ಕೂಗುವುದು. ಟಿನ್ ಫ್ಯಾಕ್ಟರಿಯ ಹೆಸರಿಗೆ ತಕ್ಕ ಸದ್ದು ನಮ್ಮ ಮನೆಗೆ ಕೇಳುತ್ತಿದ್ದುದು ಈ ಹಕ್ಕಿಯ ಕೊರಳಿನಿಂದಲೇ ಎಂದು ನಾವು ಹಾಸ್ಯಮಾಡುತ್ತಿದ್ದೆವು. ಒಂಬತ್ತು ವರ್ಷದ ನಮ್ಮ ಮಗಳು ಶಾಲೆಗೆ ಹೊರಡುವ ಮುನ್ನ ಆ ತೂತಿನಿಂದ ಹೊರಗೆ ಇಣುಕುವ ಮುಖವನ್ನು ನೋಡದೆ ಹೋಗುತ್ತಿರಲಿಲ್ಲ.

ಒಂದು ದಿನ ಉದ್ಯಾನವನ್ನು ಸುಂದರಗೊಳಿಸುವ ಕಾರ್ಯ ಮೊದಲಾಯಿತು. ಕಲ್ಲುಹಾಸು, ಬಣ್ಣದ ದೀಪ, ಹೊಸ ಬೆಂಚುಗಳು ಬರುವುವೆಂದೂ, ಒಣಗಿದ ಮರವನ್ನು ತೆಗೆಯುವರೆಂದೂ ಸುದ್ದಿಯಾಯಿತು. ನಾವು ನಾಲ್ಕು ಮನೆಯವರು ಸೇರಿ ಒಂದು ಮನವಿಯನ್ನು ಬರೆದೆವು. ‘ಈ ಮರದಲ್ಲಿ ಅನೇಕ ಪಕ್ಷಿಗಳು ವಾಸವಾಗಿವೆ, ದಯವಿಟ್ಟು ಉಳಿಸಬೇಕು’ ಎಂಬುದು ಅದರ ಸಾರಾಂಶ. ಸಂಬಂಧಪಟ್ಟ ಕಚೇರಿಯಲ್ಲಿ ಅಧಿಕಾರಿಗಳೊಬ್ಬರು ಅದನ್ನು ಮರ್ಯಾದೆಯಿಂದಲೇ ಓದಿದರು. ಓದಿ, “ಯಾವ ಹಕ್ಕಿ ಸ್ವಾಮಿ? ಎಷ್ಟು ಇವೆ? ಯಾವ ತಿಂಗಳಲ್ಲಿ ಗೂಡು ಮಾಡುತ್ತವೆ? ಏನಾದರೂ ಬರೆದಿಟ್ಟಿದ್ದೀರಾ?” ಎಂದು ಕೇಳಿದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಐದು ವರ್ಷ ಆ ಮರದ ಕೆಳಗೆ ಓಡಾಡಿದವರ ಬಳಿ ಒಂದು ಸಾಲಿನ ಬರಹವೂ ಇರಲಿಲ್ಲ. ಮುಂದಿನ ವಾರ ಮರ ಹೋಯಿತು. ಮಗಳು ಎರಡು ದಿನ ಆ ದಾರಿಯಲ್ಲಿ ನಡೆಯಲಿಲ್ಲ. ಆ ಅಧಿಕಾರಿಗಳ ಮೇಲೆ ನಮಗೆ ಕೋಪ ಬಂದುದೇನೋ ನಿಜ. ಆದರೆ ಅವರ ಪ್ರಶ್ನೆ ನ್ಯಾಯವಾದುದೆಂಬ ಅರಿವು ಕೋಪಕ್ಕಿಂತ ಹೆಚ್ಚು ಕಾಲ ನಮ್ಮನ್ನು ಚುಚ್ಚಿತು.

ಆ ಪ್ರಶ್ನೆಗೆ ಉತ್ತರ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಾಗ, ಮಿತ್ರರೊಬ್ಬರು ಲಾಲ್‌ಬಾಗಿಗೆ ಹೋಗಿರೆಂದರು. ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಅಲ್ಲಿ ಹಕ್ಕಿ ನೋಡುವವರು ಕೂಡುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಚಂದಾ ಇಲ್ಲ, ಆಹ್ವಾನಪತ್ರಿಕೆ ಇಲ್ಲ, ಬಂದವರೆಲ್ಲರೂ ಸದಸ್ಯರೇ. ನಾವು ಮಗಳೊಡನೆ ಹೋಗಿ ಕೂಡಿಕೊಂಡೆವು. ಅಲ್ಲಿದ್ದವರಲ್ಲಿ ಕಾಲೇಜಿನ ಹುಡುಗರಿದ್ದರು, ನಿವೃತ್ತರಿದ್ದರು, ಕೈಯಲ್ಲಿ ಕೂಸನ್ನೆತ್ತಿಕೊಂಡ ತಾಯಿಯೊಬ್ಬರೂ ಇದ್ದರು. ಹಿರಿಯರೊಬ್ಬರು ನಮ್ಮ ಕೈಯಲ್ಲಿ ಪುಸ್ತಕವಿಲ್ಲದುದನ್ನು ಕಂಡು, ತಮ್ಮ ಪುಸ್ತಕದಿಂದ ಎರಡು ಹಾಳೆಯನ್ನು ಹರಿದುಕೊಟ್ಟು, “ಹಕ್ಕಿ ನೋಡಿ ಬರೆಯದಿದ್ದರೆ ಉಂಡು ಕೈತೊಳೆಯದ ಹಾಗೆ” ಎಂದರು. ಈ ಮಾತನ್ನು ನಾವು ಅಂದಿನಿಂದ ಮರೆತಿಲ್ಲ.

ಈ ಬಳಗದ ಹೆಸರು ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್, ಹುಟ್ಟಿದುದು 1972ರಲ್ಲಿ. ಅದಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯರಾದ ಡಾ. ಜೋಸೆಫ್ ಜಾರ್ಜ್ ಅವರು ವೃತ್ತಿಯಿಂದ ಮರದ ವಿಜ್ಞಾನಿಗಳು. ಡೆಹ್ರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿದ್ದಾಗಲೇ ಅಲ್ಲಿನ ಹಕ್ಕಿಗಳ ವಿಷಯವಾಗಿ ಬರೆದವರು. ನಗರದೊಳಗಿನ ತೋಟ, ಕೆರೆ, ಹೊಲಗಳಲ್ಲಿ ತಿರುಗಿ, ಕಂಡುದನ್ನು ಕಂಡಷ್ಟೇ ಬರೆದಿಡುವುದು ಬಳಗದವರ ಕ್ರಮ. ಇಂತಹ ಬರಹಗಳು ಇಪ್ಪತ್ತೆರಡು ವರ್ಷ ಕೂಡಿಬಂದು, 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿಸಹಿತವಾದ ಪಟ್ಟಿಯೊಂದು ಅಚ್ಚಾಯಿತು. ಮುನ್ನೂರಕ್ಕೂ ಮೀರಿದ ಬಗೆಯ ಹಕ್ಕಿಗಳು ಈ ಊರಿನಲ್ಲಿಯೂ ಇದರ ಸುತ್ತಮುತ್ತಲೂ ಉಂಟೆಂದು ಕೇಳಿ ನಮ್ಮ ಮನೆಯಾಕೆ, “ನಮಗೆ ಗೊತ್ತಿರುವುದು ಕಾಗೆ, ಗುಬ್ಬಿ, ಪಾರಿವಾಳ; ಉಳಿದವುಗಳೊಡನೆ ಇಷ್ಟು ದಿನ ಒಂದೇ ಊರಿನಲ್ಲಿದ್ದೂ ಮಾತನಾಡಿಸಲಿಲ್ಲವಲ್ಲ!” ಎಂದಳು.

ಬರೆದಿಟ್ಟುದರಿಂದ ಆದ ಉಪಕಾರವೇನು? ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉತ್ತರವಿದೆ. 1939ರಿಂದ 1940ರವರೆಗೆ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಸಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳ ವಿಷಯವನ್ನು ಅವರು ಅರಸರ ಸರ್ಕಾರಕ್ಕೆ ತಿಳಿಸಿದ ಫಲವಾಗಿ 1940ರಲ್ಲಿ ರಂಗನತಿಟ್ಟು ರಕ್ಷಿತ ಸ್ಥಳವಾಯಿತು. ಮುಂದೆ 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಿಸೆಯ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡುಕಟ್ಟುವುದನ್ನು ಲೋಕಕ್ಕೆ ತಿಳಿಸಿದರು. 2007ರಲ್ಲಿ ಅದು ಊರವರೇ ಪಾಲುಗೊಳ್ಳುವ ಸಮುದಾಯ ರಕ್ಷಿತ ಸ್ಥಳವಾಯಿತು. ಇದೇ ನೇಗಿನಹಾಳರೇ 1982ರಿಂದ ಮೊದಲುಗೊಂಡು ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದವರು. ಇಂದಿರಾನಗರದಲ್ಲಿಯೂ ಅದರ ಸುತ್ತಿನಲ್ಲಿಯೂ ನಾವು ನಡೆಯುವ ನೆರಳಿನಲ್ಲಿ ಅವರ ಪಾಲಿದೆಯೆಂಬುದನ್ನು ಎಷ್ಟು ಮಂದಿ ಬಲ್ಲರು?

ಕೆರೆಗಳ ವಿಷಯವೂ ಹೀಗೆಯೇ. 1987ರಲ್ಲಿ ಏಷ್ಯಾಖಂಡದ ನೀರುಹಕ್ಕಿಗಳನ್ನು ನಡುಚಳಿಗಾಲದಲ್ಲಿ ಎಣಿಸುವ ಕಾರ್ಯ ಮೊದಲಾದ ಮೇಲೆ, ಬೆಂಗಳೂರಿನ ಹವ್ಯಾಸಿಗಳೂ ಅರಣ್ಯ ಇಲಾಖೆಯವರೂ ಕೂಡಿ ಇಲ್ಲಿನ ಕೆರೆಗಳನ್ನು ಸುತ್ತಿ ಲೆಕ್ಕ ತೆಗೆದರು. 1996ರಲ್ಲಿ ಬೆಂಗಳೂರಿನ ನೀರುಹಕ್ಕಿಗಳನ್ನೂ ಜೌಗುನೆಲಗಳನ್ನೂ ಕುರಿತ ಪುಸ್ತಕವನ್ನು ಇಲಾಖೆಯೇ ಹೊರತಂದಿತು. ಇಂತಿಷ್ಟು ಕೆರೆಗಳಲ್ಲಿ ಇಂತಿಂತಹ ಹಕ್ಕಿಗಳು ಇದ್ದುವೆಂದು ಕಾಗದದ ಮೇಲೆ ನಿಂತುಬಿಟ್ಟರೆ, ಮರುವರ್ಷ ‘ಇಲ್ಲಿ ಏನೂ ಇರಲಿಲ್ಲ’ ಎನ್ನುವುದು ಯಾರಿಗೂ ಸುಲಭವಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆಯಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ವರ್ಷ ವರ್ಷವೂ ನೋಡಿ ಬರೆದವರಿದ್ದರು. 2015ರಲ್ಲಿ ಆ ಕೆರೆಯು ಪಕ್ಷಿ ಸಂರಕ್ಷಣಾ ಮೀಸಲೆಂದು ಸರ್ಕಾರದಿಂದ ಘೋಷಿತವಾಯಿತು.

ಉದ್ಯಾನಗಳಿಗಾಗಿ ನಡೆದ ಹೋರಾಟವೂ ಈ ಊರಿಗೆ ಹೊಸತಲ್ಲ. ಕಬ್ಬನ್ ಉದ್ಯಾನವನ್ನೂ ಲಾಲ್‌ಬಾಗನ್ನೂ ಕಾಪಾಡುವುದಕ್ಕೆಂದು 1975ರ ಉದ್ಯಾನ ಸಂರಕ್ಷಣಾ ಶಾಸನವಿದೆ. ಮರಗಳಿಗಾಗಿ 1976ರ ಶಾಸನವಿದೆ. ಬಡಾವಣೆಗಳ ಉದ್ಯಾನಗಳಿಗೂ ಆಟದ ಬಯಲುಗಳಿಗೂ 1985ರ ಶಾಸನವಿದೆ. ಶಾಸನವಿದ್ದೂ 1998ರಲ್ಲಿ ಕಬ್ಬನ್ ಉದ್ಯಾನದ ಒಂದು ಭಾಗವನ್ನು ರಕ್ಷಣೆಯ ಎಲ್ಲೆಯಿಂದ ಹೊರಗಿಡಲು ಸರ್ಕಾರ ಹೊರಟಾಗ, ನಾಗರಿಕರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. 2008ರಲ್ಲಿ ಕೆರೆಗಳ ಪರವಾಗಿ ಉಚ್ಚನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯ ಫಲವಾಗಿ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿಯು 2011ರಲ್ಲಿ ವರದಿಯನ್ನು ಕೊಟ್ಟಿತು. ಶಾಸನವೂ ವರದಿಯೂ ಬೇಲಿಯ ಕಂಬಗಳಂತೆ. ಕಂಬದಿಂದ ಕಂಬಕ್ಕೆ ತಂತಿ ಎಳೆಯಬೇಕಾದವರು ಅಲ್ಲಿ ವಾಸಿಸುವ ಗೃಹಸ್ಥರೇ.

ಲಾಲ್‌ಬಾಗಿನಲ್ಲಿ ಕಲಿತುದನ್ನು ನಮ್ಮ ಊರಿನಲ್ಲಿ ಪರೀಕ್ಷಿಸೋಣವೆಂದು ಚಳಿಗಾಲದ ಒಂದು ಭಾನುವಾರ ಆರು ಗಂಟೆಗೆ ಮನೆಯಿಂದ ಹೊರಟೆವು. ನಮ್ಮ ಸರಂಜಾಮು ಒಂದು ಹಳೆಯ ದುರ್ಬೀನು, ಮಗಳ ಲೆಕ್ಕದ ಪುಸ್ತಕ, ಒಂದು ಡಬ್ಬಿ ಉಪ್ಪಿಟ್ಟು. ಟಿನ್ ಫ್ಯಾಕ್ಟರಿಯ ಬಸ್ಸು ನಿಲ್ದಾಣದಲ್ಲಿ ಆಗಲೇ ಹೂವಿನವರು ಕುಳಿತಿದ್ದರು. ತಲೆಯ ಮೇಲೆ ಬೆಳ್ಳಕ್ಕಿಗಳ ಸಾಲೊಂದು ಮೆಟ್ರೋ ಕಂಬಗಳ ನಡುವಿನಿಂದ ಹಾದುಹೋಯಿತು. ಮಗಳು “ಬೆಳ್ಳಕ್ಕಿ!” ಎಂದು ಕೂಗಿದಳು. ಹೂ ಕಟ್ಟುತ್ತಿದ್ದ ಮುದುಕಿ ತಲೆಯೆತ್ತಿ, ಅದು ‘ಕೊಕ್ಕು’ ಎಂದಳು. ಪಕ್ಕದಲ್ಲಿ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದವನು ‘ಕೊಂಗ’ ಎಂದನು. ಆಟೋ ಒರಸುತ್ತಿದ್ದ ಸಾಹೇಬರು ನಕ್ಕು ‘ಬಗ್ಲಾ’ ಎಂದರು. ಒಂದು ಹಕ್ಕಿಗೆ ಅರೆನಿಮಿಷದಲ್ಲಿ ನಾಲ್ಕು ಹೆಸರು! ಇಷ್ಟು ಜನ ಇದನ್ನು ಬಲ್ಲರಲ್ಲಾ, ಬಲ್ಲವರು ಬರೆಯಲಿಲ್ಲವಷ್ಟೆ, ಎಂದು ನಮಗೆ ತೋರಿತು.

ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಬೆನ್ನಿಗಾನಹಳ್ಳಿಯ ಕೆರೆ. ಒಂದು ಪಕ್ಕಕ್ಕೆ ಹೆದ್ದಾರಿಯ ಗದ್ದಲ. ಆದರೆ ನೀರಿನ ಬಳಿಗೆ ಹೋದೊಡನೆ ಕಣ್ಣಿಗೆ ಬೇರೆಯೇ ಲೋಕ. ಮೊದಲು ಕಂಡುದು ಕರಿಮೈ ಬಿಳಿಹಣೆಯ ನಾಮದ ಕೋಳಿಗಳು. ಹಣೆಯ ಮೇಲಿನ ಬಿಳಿಯ ಪಟ್ಟೆಯನ್ನು ನೋಡಿ ಹೆಸರನ್ನಿಟ್ಟ ಹಿರಿಯರ ರಸಿಕತೆಗೆ ನಾವು ತಲೆದೂಗಿದೆವು. ಒಂದು ಗುಳುಮುಳುಕ ನಮ್ಮನ್ನು ಕಂಡೊಡನೆ ಮುಳುಗಿ, ನಾವು ಎಣಿಸುವ ಕಡೆಯಲ್ಲಿ ಏಳದೆ ಬೇರೆಲ್ಲಿಯೋ ಎದ್ದು, ಲೆಕ್ಕವನ್ನು ಮೂರು ಸಲ ಕೆಡಿಸಿತು. ಕಲ್ಲಿನ ಮೇಲೆ ನೀರುಕಾಗೆಯೊಂದು ರೆಕ್ಕೆಗಳನ್ನು ಬಿಚ್ಚಿ, ಒಗೆದ ಬಟ್ಟೆಯನ್ನು ಹರವಿದಂತೆ ಬಿಸಿಲಿಗೆ ಒಡ್ಡಿಕೊಂಡಿದ್ದಿತು. ಜೊಂಡಿನ ಅಂಚಿನಲ್ಲಿ ಕೊಳದ ಬಕವು ಮಣ್ಣಿನ ಮುದ್ದೆಯಂತೆ ಕುಳಿತಿದ್ದು, ಹಾರಿದಾಗ ಮಾತ್ರ ಬೆಳ್ಳಗಾಯಿತು. ತೆಳುನೀರಿನ ಕೆಸರಿನಲ್ಲಿ ಬಾಲವನ್ನು ಕುಣಿಸುತ್ತ ಓಡಾಡುತ್ತಿದ್ದ ಎರಡು ಗದ್ದೆಗೊರವಗಳು ನಮಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯವನ್ನು ಉಂಟುಮಾಡಿದುವು. ಬೊಗಸೆಯಲ್ಲಿ ಹಿಡಿಯುವಷ್ಟು ಮೈಯ ಈ ಹಕ್ಕಿಗಳು ಬೇಸಗೆಯನ್ನು ಉತ್ತರದ ಶೀತದೇಶಗಳಲ್ಲಿ ಕಳೆದು, ಸಾವಿರಾರು ಮೈಲಿ ಹಾರಿ ಬಂದು, ಟಿನ್ ಫ್ಯಾಕ್ಟರಿಯ ಪಕ್ಕದ ಕೆಸರಿನಲ್ಲಿ ಊಟಕ್ಕೆ ಇಳಿಯುವುವು!

ಇಲ್ಲಿಯೇ ನಾವು ಲಾಲ್‌ಬಾಗಿನಲ್ಲಿ ಕೇಳಿದ ಒಂದು ಮಾತಿನ ಅರ್ಥ ತಿಳಿಯಿತು. ಕೆರೆಯನ್ನು ಜೀರ್ಣೋದ್ಧಾರ ಮಾಡುವುದೆಂದರೆ ಹೂಳನ್ನು ತೋಡಿ, ಸುತ್ತಲೂ ಕಡಿದಾದ ಏರಿಯನ್ನು ಹಾಕಿ, ಅದರ ಮೇಲೆ ನಡೆಯುವ ದಾರಿಯನ್ನು ಮಾಡುವುದೆಂದು ಬಹುಮಂದಿಯ ಎಣಿಕೆ. ನೋಟಕ್ಕೆ ಅಂದ, ನಡೆಯುವವರಿಗೆ ಅನುಕೂಲ. ಆದರೆ ಹಾಗೆ ಮಾಡಿದ ಕೆರೆ ಗುಂಡಿಯಾದ ಬಟ್ಟಲಿನಂತಾಗುವುದು. ನೀರುಕಾಗೆಗೆ ಆಳ ಬೇಕು, ಸರಿ. ಗದ್ದೆಗೊರವಕ್ಕೆ ಬೇಕಾದುದು ಕಾಲಿನ ಗಂಟು ಮುಳುಗುವಷ್ಟು ನೀರು. ಬಕಕ್ಕೆ ಮೊಳಕಾಲಿನಷ್ಟು ನೀರು, ಜಂಬುಕೋಳಿಗೆ ಜೊಂಡು, ಟಿಟ್ಟಿಭಕ್ಕೆ ಬಯಲುದಡ. ಒಂದು ಮನೆಯಲ್ಲಿ ಅಡುಗೆಯ ಮನೆ, ನಡುಮನೆ, ಜಗಲಿಗಳು ಬೇರೆ ಬೇರೆ ಇರುವಂತೆ ಕೆರೆಗೂ ಆಳ, ತೆಳುನೀರು, ಕೆಸರು, ಜೊಂಡು, ದಡ ಎಂದು ಕೋಣೆಗಳುಂಟು. ಎಲ್ಲವನ್ನೂ ಒಡೆದು ಒಂದೇ ಹಜಾರ ಮಾಡಿದರೆ ಮನೆ ವಿಶಾಲವಾಗಬಹುದು. ಒಳಗೆ ಇರುವವರು ಎಲ್ಲಿಗೆ ಹೋಗಬೇಕು?

ಉದ್ಯಾನಕ್ಕೂ ಇದೇ ಮಾತು ಸಲ್ಲುತ್ತದೆ. ಹುಲ್ಲುಹಾಸಿನ ಮೇಲೆ ಗೊರವಂಕ ನಡೆಯಬಹುದು. ಆದರೆ ಮಡಿವಾಳ ಹಕ್ಕಿಗೂ ಪಿಕಳಾರಕ್ಕೂ ಪೊದೆ ಬೇಕು. ಕುಟ್ರುಹಕ್ಕಿಗೆ ಅತ್ತಿ, ಆಲ, ಗೋಣಿ, ಬಸರಿಗಳ ಹಣ್ಣು ಬೇಕು. ಗೂಡಿಗೆ ಒಣಕೊಂಬೆ ಬೇಕು. ಅದು ಕೊರೆದು ಬಿಟ್ಟುಹೋದ ತೂತಿನಲ್ಲಿ ಮುಂದೆ ಬೇರೆ ಹಕ್ಕಿಗಳು ಬಿಡಾರ ಹೂಡುವುವು. ಒಣಗಿದ ಮರವೆಂದು ನಾವು ಕರೆಯುವುದು ಹಕ್ಕಿಗಳ ಪಾಲಿಗೆ ಬಾಡಿಗೆಯಿಲ್ಲದ ಛತ್ರ. ಇದನ್ನು ಕೇಳುತ್ತ ಮಗಳು, “ಅಪ್ಪಾ, ನಮ್ಮ ಅತ್ತಿಮರ ಅರ್ಧ ಊಟದ ಮನೆ, ಅರ್ಧ ಛತ್ರ ಆಗಿತ್ತು ಅಲ್ಲವಾ?” ಎಂದಳು. ನಮಗೆ ಉತ್ತರ ಹೊರಡಲಿಲ್ಲ.

ಕೆರೆಯಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಊರಿನ ಕಡೆಗೆ ಹೋದರೆ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಕಾರ್ಖಾನೆಯ ಉದ್ದನೆಯ ಗೋಡೆ. ಜರ್ಮನಿಯ ಕಂಪೆನಿಯೊಂದರ ಸಹಕಾರದಿಂದ ಸ್ಥಾಪಿತವಾದ ಸರ್ಕಾರದ ಈ ಉದ್ಯಮವು ವಿದ್ಯುತ್ತಿನ ಮೋಟಾರು, ಟ್ರಾನ್ಸ್‌ಫಾರ್ಮರು ಮೊದಲಾದುವುಗಳನ್ನು ತಯಾರಿಸಿ ಹೆಸರಾಗಿದ್ದಿತು. ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟಿತು. 2002ರ ಸುಮಾರಿಗೆ ಬಾಗಿಲು ಮುಚ್ಚಿತು. ನೂರು ಎಕರೆಗೂ ಮೀರಿದ ಆ ನೆಲದಲ್ಲಿ ಮನುಷ್ಯರ ಕೆಲಸ ನಿಂತ ಮೇಲೆ ಮರಗಳು ಕೆಲಸವನ್ನು ಮುಂದುವರಿಸಿದುವು. ಈಚಿನ ವರ್ಷಗಳಲ್ಲಿ ಸರ್ಕಾರವು ಇದರ ಬಹುಭಾಗವನ್ನು ವೃಕ್ಷೋದ್ಯಾನವನ್ನಾಗಿ ಮಾಡುವ ಯೋಜನೆಯನ್ನು ಪ್ರಕಟಿಸಿದೆ. ಉದ್ಯಾನಗಳೆಲ್ಲ ಪಡುವಣ ತೆಂಕಣಗಳ ಪಾಲಾದುವು, ನಮಗೆ ಕಾರ್ಖಾನೆಯ ಹೊಗೆಯಷ್ಟೆ ಎಂದುಕೊಂಡಿದ್ದ ಪೂರ್ವಭಾಗದವರಾದ ನಮಗೆ ಇದಕ್ಕಿಂತ ಸಂತೋಷದ ಸುದ್ದಿ ಯಾವುದು?

ಆದರೆ ಎಂತಹ ಉದ್ಯಾನ? ನಮ್ಮ ಬಡಾವಣೆಯಲ್ಲಿ ಅತ್ತಿಯ ಮರವನ್ನು ತೆಗೆದು ಬಣ್ಣದ ದೀಪವನ್ನಿಟ್ಟ ಉದ್ಯಾನವೂ ಉದ್ಯಾನವೇ. ತಾನಾಗಿ ಬೆಳೆದ ಮರಗಿಡಗಳನ್ನು ಮೊದಲು ಎಣಿಸಿ, ಅಲ್ಲಿನ ಹಕ್ಕಿಗಳನ್ನು ನಾಲ್ಕು ಋತುಗಳಲ್ಲಿ ನೋಡಿ, ಅನಂತರ ದಾರಿಯ ಗೆರೆಯನ್ನು ಎಳೆಯುವುದೊಂದು ಕ್ರಮ. ಮೊದಲು ಎಲ್ಲವನ್ನೂ ಸವರಿ, ಅನಂತರ ಸಸಿ ನೆಡುವ ಉತ್ಸವವನ್ನು ಮಾಡುವುದು ಇನ್ನೊಂದು ಕ್ರಮ. ಕಾಗದದ ಮೇಲೆ ಎರಡಕ್ಕೂ ಒಂದೇ ಹೆಸರು. ಪ್ರಕೃತಿಪ್ರಿಯರು ಬೇಡುವುದು ಮೊದಲನೆಯದನ್ನು.

ಇದಕ್ಕೆ ಗೃಹಸ್ಥರ ಆಕ್ಷೇಪಣೆಗಳೂ ಉಂಟು. ಅವನ್ನು ತಳ್ಳಿಹಾಕುವುದು ಸಲ್ಲದು. ಪೊದೆಯಿದ್ದರೆ ಹಾವಿನ ಭಯ, ಜೊಂಡಿದ್ದರೆ ಸೊಳ್ಳೆಯ ಕಾಟ, ದೀಪವಿಲ್ಲದಿದ್ದರೆ ಹೆಣ್ಣುಮಕ್ಕಳು ಸಂಜೆ ಬರುವುದು ಹೇಗೆ ಎಂದು ನಮ್ಮ ನೆರೆಮನೆಯ ತಾಯಿಯೊಬ್ಬರು ಕೇಳಿದರು. ಕೇಳಬೇಕಾದುದೇ. ಲಾಲ್‌ಬಾಗಿನ ಹಿರಿಯರು ಇದಕ್ಕೆ ಹೇಳಿದುದು ಹೀಗೆ: “ಇಡೀ ಉದ್ಯಾನವನ್ನು ಕಾಡು ಮಾಡಿರೆಂದು ಯಾರೂ ಹೇಳುವುದಿಲ್ಲ. ಬಾಗಿಲ ಹತ್ತಿರ ದೀಪ, ಬೆಂಚು, ಮಕ್ಕಳ ಆಟ ಎಲ್ಲ ಇರಲಿ. ಒಳಮೂಲೆಯೊಂದನ್ನು ಕತ್ತಲಾದ ಮೇಲೆ ಹಕ್ಕಿಗೆ ಬಿಟ್ಟುಬಿಡಿ.” ಸೊಳ್ಳೆಗೆ ಕಾರಣ ಮುಖ್ಯವಾಗಿ ನಿಂತ ಕೊಳಚೆಯ ನೀರು, ಮೀನೂ ನೀರಿನ ಹುಳಗಳೂ ಬದುಕಿರುವ ಶುದ್ಧವಾದ ಕೆರೆಯಲ್ಲಿ ಅದರ ಮರಿಗಳನ್ನು ತಿನ್ನುವವರಿರುತ್ತಾರೆ. ನೆರೆಮನೆಯ ತಾಯಿ ಪೂರ್ತಿಯಾಗಿ ಒಪ್ಪಿದರೆಂದು ನಾವು ಹೇಳಲಾರೆವು. ಆದರೆ ಮುಂದಿನ ಭಾನುವಾರ ಅವರ ಮಗನೂ ನಮ್ಮೊಡನೆ ಬಂದನು.

ಅಂದು ಗೋಡೆಯ ಹೊರಗೆ ನಿಂತು ನಾವು ಉಪ್ಪಿಟ್ಟು ತಿನ್ನುತ್ತಿದ್ದಾಗ ಒಳಗಿನ ಮರಗಳಿಂದ ಒಂದು ಸದ್ದು ಬಂದಿತು. ‘ಟಂಕ್ ಟಂಕ್ ಟಂಕ್’. ಮಗಳು ಚಮಚವನ್ನು ಕೆಳಗಿಟ್ಟಳು. ನಮ್ಮ ಮರದ ಹಕ್ಕಿಯೇ ಅಲ್ಲಿಗೆ ಬಂದಿತೋ, ಅದರ ಬಳಗದ್ದು ಬೇರೆಯೋ, ಹೇಳುವವರಾರು? ಅವಳು ಅದನ್ನು ಕೇಳಲಿಲ್ಲ. ಲೆಕ್ಕದ ಪುಸ್ತಕವನ್ನು ತೆಗೆದು ತಾರೀಖು, ಹೊತ್ತು, ಸ್ಥಳಗಳನ್ನು ಬರೆದು, ‘ಕಂಚುಕುಟಿಗ: 1. ಕೇಳಿಸಿತು, ಕಾಣಿಸಲಿಲ್ಲ’ ಎಂದು ಬರೆದಳು. ಕಂಡುದನ್ನು ಕಂಡಷ್ಟೇ ಬರೆಯಬೇಕೆಂಬ ಪಾಠವನ್ನು ನಮಗಿಂತ ಅವಳೇ ಚೆನ್ನಾಗಿ ಕಲಿತಿದ್ದಳು.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಹಾಲಿನ ಲೆಕ್ಕ, ಅಗಸರ ಲೆಕ್ಕಗಳನ್ನು ಬರೆಯುವ ಪ್ರತಿಯೊಂದು ಮನೆಯಲ್ಲಿಯೂ ಹಕ್ಕಿಯ ಲೆಕ್ಕಕ್ಕೆ ಒಂದು ಪುಸ್ತಕವಿರಲಿ. ವಾರಕ್ಕೊಂದು ದಿನ, ಒಂದೇ ಉದ್ಯಾನ ಅಥವಾ ಒಂದೇ ಕೆರೆ, ಅರ್ಧ ಗಂಟೆಯ ಹೊತ್ತು ಸಾಕು. ತಾರೀಖನ್ನು ಮರೆಯಬೇಡಿ. ಹೆಸರು ತಿಳಿಯದಿದ್ದರೆ ಬಣ್ಣವನ್ನೂ ಕೊಕ್ಕನ್ನೂ ಕೂಗನ್ನೂ ಬರೆಯಿರಿ. ಹೆಸರನ್ನು ಹೇಳುವವರು ಸಿಕ್ಕೇ ಸಿಕ್ಕುತ್ತಾರೆ. ಎಣಿಕೆ ಸೊನ್ನೆಯಾದ ದಿನ ಸೊನ್ನೆಯನ್ನೇ ಬರೆಯಿರಿ, ಅದೂ ಸಾಕ್ಷಿಯೇ. ನಾಳೆ ನಿಮ್ಮ ಬೀದಿಯ ಮರಕ್ಕೆ ಕೊಡಲಿ ಬರುವ ದಿನ, ನೀವು ಬರೆದ ಮನವಿಯ ಜೊತೆಗೆ ಈ ಪುಸ್ತಕವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿರಿ. “ಯಾವ ಹಕ್ಕಿ? ಎಷ್ಟು?” ಎಂದು ಯಾರಾದರೂ ಕೇಳಿದರೆ ನಮ್ಮಂತೆ ಒಬ್ಬರ ಮುಖವನ್ನೊಬ್ಬರು ನೋಡುವ ಪಾಡು ನಿಮಗೆ ಬಾರದಿರಲಿ.